ಕೆಚ್ಚಲು ಬಾವಿನ ಗೊಂಚಲು ಕ್ರಿಮಿ: ಅದನ್ನು ಗುರುತಿಸುವ ಬಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ತೋಟವೂ ಕೊಟ್ಟಿಗೆಯೂ ಒಂದನ್ನೊಂದು ಆಶ್ರಯಿಸಿಕೊಂಡಿರುವುವು. ತೆಂಗಿನ ಬುಡಕ್ಕೆ ಬೇಕಾದ ಗೊಬ್ಬರವು ಕೊಟ್ಟಿಗೆಯಿಂದ ಬರುವುದು. ಅಟ್ಟದ ಮೇಲಿನ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಹಿಡಿಯುವುದರಿಂದ, ದಿನವಹಿ ಖರ್ಚಿಗೆ ಹಾಲಿನ ಹಣವೇ ಅನೇಕ ಮನೆಗಳಿಗೆ ಆಧಾರ. ಇಂತಹಲ್ಲಿ ಹಸುವಿನ ಒಂದು ಮೊಲೆ ಕೆಟ್ಟರೆ ಕರಾವಿನಲ್ಲಿ ಸುಮಾರು ಕಾಲು ಪಾಲು ನಷ್ಟವಾದಂತೆಯೇ ಸರಿ.

ಕೆಚ್ಚಲು ಬಾವು ಒಂದೇ ರೋಗವೆಂದೂ ಅದಕ್ಕೆ ಒಂದೇ ಔಷಧವೆಂದೂ ಭಾವಿಸುವವರು ಹಲವರುಂಟು. ವಾಸ್ತವವಾಗಿ ಈ ಬಾವನ್ನುಂಟುಮಾಡುವ ಸೂಕ್ಷ್ಮಕ್ರಿಮಿಗಳು ಬಹು ಬಗೆಯವು. ಅವುಗಳಲ್ಲಿ ಅತಿ ಮೊಂಡಾದವುಗಳ ಪೈಕಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬುದೊಂದು. ಸ್ಕಾಟ್ಲೆಂಡಿನ ಶಸ್ತ್ರವೈದ್ಯನಾದ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ಸುಮಾರಿನಲ್ಲಿ ಈ ಜಾತಿಯನ್ನು ಕೀವಿನಲ್ಲಿ ಕಂಡು, ದ್ರಾಕ್ಷಿಯ ಗೊಂಚಲೆಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರಿಟ್ಟನು. ಹೊಂಬಣ್ಣದ್ದೆಂಬ ವಿಶೇಷಣವನ್ನು ಜರ್ಮನಿಯ ರೋಸೆನ್‌ಬಾಕ್ 1884ರಲ್ಲಿ ಸೇರಿಸಿದನು.

ಈ ಕ್ರಿಮಿಯು ಗುಂಡಾಗಿದ್ದು, ಅಡ್ಡಳತೆಯಲ್ಲಿ ಮಿಲ್ಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಮೀರುವುದು ಅಪರೂಪ. ಗ್ರಾಮ್ ಎಂಬ ಡೇನಿಷ್ ವೈದ್ಯನು 1884ರಲ್ಲಿ ಪ್ರಕಟಿಸಿದ ಬಣ್ಣಗಟ್ಟುವ ಕ್ರಮದಿಂದ ಇದು ನೇರಳೆಯಾಗಿ ತೋರುವುದು. ಸೂಕ್ಷ್ಮದರ್ಶಕದಲ್ಲಿ ತೆಂಗಿನ ಹೊಂಬಾಳೆಯಲ್ಲಿ ಒತ್ತಾಗಿ ಕಚ್ಚಿದ ಎಳೆಯ ಹರಳುಗಳಂತೆ ಗುಂಪಾಗಿ ಕಾಣುವುದು. ಕೆಚ್ಚಲಿಗೆ ತಗಲುವ ಇನ್ನೊಂದು ಗುಂಡು ಕ್ರಿಮಿಯಾದ ಸ್ಟ್ರೆಪ್ಟೊಕಾಕಸ್ ಪೋಣಿಸಿದ ಮಣಿಸರದಂತಿರುತ್ತದೆ. ಹೈಡ್ರೊಜನ್ ಪೆರಾಕ್ಸೈಡಿನ ಹನಿ ಬಿದ್ದಾಗ ಗೊಂಚಲು ಕ್ರಿಮಿಯು ನೊರೆಗಟ್ಟುವುದು, ಸರದ ಕ್ರಿಮಿಯು ಸುಮ್ಮನಿರುವುದು. ಬಹಳ ಕ್ರಿಮಿಗಳನ್ನು ತಡೆಯುವಷ್ಟು ಉಪ್ಪು ಬೆರೆತ ಆಹಾರದಲ್ಲಿಯೂ ಇದು ಬೆಳೆಯಬಲ್ಲದು. ಹೊಂಬಣ್ಣವೊಂದನ್ನೇ ನಂಬಲಾಗದು, ಬಿಳುಪಾಗಿ ಬೆಳೆಯುವ ತಳಿಗಳೂ ಉಂಟು. ಅಷ್ಟೇನೂ ಕೇಡು ಮಾಡದ ಬೇರೆ ಗೊಂಚಲು ಕ್ರಿಮಿಗಳು ಹಸುವಿನ ಚರ್ಮದ ಮೇಲೆಯೇ ವಾಸಿಸುವುದರಿಂದ ಮುಖ್ಯ ಪರೀಕ್ಷೆಯೊಂದು ಉಳಿಯುವುದು: ಮೊಲದ ರಕ್ತದ ತಿಳಿಯಲ್ಲಿ ಕ್ರಿಮಿಯನ್ನು ಬೆರಸಿಟ್ಟರೆ, ಅದು ಆರಿಯಸ್ ಆಗಿದ್ದ ಪಕ್ಷದಲ್ಲಿ, ಹೆಪ್ಪು ಹಾಕಿದ ಹಾಲಿನಂತೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿಯೇ ಗಟ್ಟಿಯಾಗುವುದು.

ಇಷ್ಟು ಶೋಧನೆ ಏತಕ್ಕೆಂದರೆ, ಈ ಕ್ರಿಮಿಯು ಕೆಚ್ಚಲಿನ ಒಳಗೆ ಸಣ್ಣ ಕೀವುಗೂಡುಗಳನ್ನು ಮಾಡಿಕೊಂಡು ಅಡಗುವುದು. ಔಷಧವು ಅಲ್ಲಿಗೆ ಸುಲಭವಾಗಿ ತಲುಪದು. ಅನೇಕ ತಳಿಗಳು ಪೆನಿಸಿಲಿನ್ನನ್ನು ಒಡೆಯುವ ಪದಾರ್ಥವನ್ನು ತಾವೇ ಉತ್ಪಾದಿಸುವುವು. ಬಾವಿಳಿದು ಹಾಲು ತಿಳಿಯಾದೊಡನೆ ರೋಗ ವಾಸಿಯಾಯಿತೆಂದು ಯಜಮಾನನು ನಂಬುವನು. ಆದರೆ ಆ ಹಸುವು ನೋಡಲು ಚೊಕ್ಕವಾದ ಹಾಲಿನಲ್ಲಿಯೇ ಆಗಾಗ್ಗೆ ಕ್ರಿಮಿಯನ್ನು ಹೊರಗೆಡಹುತ್ತಿರುವುದು. ಕರೆಯುವವನ ಕೈ, ಎಲ್ಲಾ ಹಸುಗಳಿಗೂ ಬಳಸುವ ಒಂದೇ ಅರಿವೆ, ಇವುಗಳ ಮೂಲಕ ಅದು ಪಕ್ಕದ ಹಸುವಿಗೆ ದಾಟುವುದು. ಬೆರಳನ್ನು ಹಾಲಿನಲ್ಲಿ ಅದ್ದಿಕೊಂಡು ಕರೆಯುವ ವಾಡಿಕೆಯು ಅತ್ಯಂತ ಹಾನಿಕರ. ಇಂತಹ ಹಸುವನ್ನು ವಿಷಯ ಮುಚ್ಚಿಟ್ಟು ಸಂತೆಯಲ್ಲಿ ಮಾರುವುದೆಂದರೆ ನೆರೆಯವನ ಕೊಟ್ಟಿಗೆಗೆ ರೋಗವನ್ನು ಸಾಗಿಸಿದಂತೆಯೇ.

ಹಾಲು ಕುಡಿಯುವವರಿಗೂ ಅಪಾಯವಿಲ್ಲದಿಲ್ಲ. ಕರೆದ ಹಾಲು ಬಿಸುಪಿನಲ್ಲಿ ಬಹಳ ಹೊತ್ತು ನಿಂತರೆ ಕೆಲವು ತಳಿಗಳು ಅದರಲ್ಲಿ ವಿಷವನ್ನು ಬಿಡುವುವು. ಕಾಯಿಸಿದರೆ ಕ್ರಿಮಿಯು ಸಾಯುವುದೇ ಹೊರತು ಆ ವಿಷವು ಅಳಿಯದು. ವಾಂತಿ, ಹೊಟ್ಟೆನುಲಿಗಳು ಕೆಲವು ಗಂಟೆಗಳಲ್ಲಿಯೇ ತೋರುವುವು.

ಕರೆಯುವ ಮುನ್ನ ಒಳಮೈ ಕಪ್ಪಾದ ತೆಂಗಿನ ಚಿಪ್ಪಿಗೆ ಪ್ರತಿ ಮೊಲೆಯ ಮೊದಲ ಹಾಲನ್ನು ಹಿಂಡಿ ನೋಡಿದರೆ ಗರಣೆಗಳು ಸ್ಪಷ್ಟವಾಗಿ ಕಾಣುವುವು. ಆ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಚೆಲ್ಲಲಾಗದು. ಚಿಪ್ಪನ್ನು ಪ್ರತಿಸಲವೂ ಕುದಿನೀರಿನಲ್ಲಿ ತೊಳೆಯತಕ್ಕದ್ದು. ಗರಣೆಯು ಬಾವಿನ ಗುರುತೇ ವಿನಾ ಕ್ರಿಮಿಯ ಹೆಸರನ್ನು ಹೇಳಲಾರದು. ಆದಕಾರಣ ಔಷಧವನ್ನು ಏರಿಸುವುದಕ್ಕೆ ಮೊದಲೇ, ಮೊಲೆಯ ತುದಿಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರಸಿ, ಮೊದಲ ಧಾರೆಗಳನ್ನು ಬಿಟ್ಟು, ಕ್ರಿಮಿರಹಿತವಾದ ಸೀಸೆಯನ್ನು ಓರೆಯಾಗಿ ಹಿಡಿದು ಹಾಲನ್ನು ತುಂಬಿ, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ತಾಲ್ಲೂಕಿನ ಪಶುವೈದ್ಯಾಲಯಕ್ಕೆ ತಲುಪಿಸಬೇಕು. ಒಮ್ಮೆ ಕ್ರಿಮಿಯು ದೊರೆಯದಿದ್ದರೂ ಸಂದೇಹವಿದ್ದಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು ಯುಕ್ತ. ಯಾವ ಔಷಧವು ನಾಟುವುದೆಂಬುದನ್ನೂ ಅದೇ ಹಾಲಿನಿಂದ ತಿಳಿಯಬಹುದು. ಆರಿಯಸ್ ಇದೆಯೆಂದು ತಿಳಿದ ಹಸುವನ್ನು ಎಲ್ಲಕ್ಕಿಂತ ಕಡೆಯಲ್ಲಿ ಕರೆದು, ಅದರ ಹಾಲನ್ನು ಕರುಗಳಿಗೆ ಕುಡಿಸದೆ, ಹಾಲು ಬತ್ತಿಸುವ ಕಾಲದಲ್ಲಿ ವೈದ್ಯರ ಸಲಹೆಯಂತೆ ಮೊಲೆಯೊಳಗೆ ಔಷಧ ಹಾಕಿಸತಕ್ಕದ್ದು.