ತೇಪೆಯ ಪಯಣ

ಬಟ್ಟೆಯು ಒಂದೆಡೆ ಹರಿದರೆ ಯಾರೂ ಅದನ್ನು ಮೊದಲಿನಿಂದ ನೇಯುವುದಿಲ್ಲ. ಹರಿದ ಜಾಗಕ್ಕೆ ತೇಪೆ ಹಾಕುವರು. ಗಣಕಯಂತ್ರವನ್ನು ನಡೆಸುವ ಕ್ರಮವಿಧಿಗಳಿಗೂ ಹೀಗೆಯೇ ತೇಪೆ ಹಾಕುವ ಪದ್ಧತಿಯುಂಟು. ಅದಕ್ಕೆ 'ಪ್ಯಾಚ್' ಎಂದು ಹೆಸರು. ಹಿಂದೆ ಕ್ರಮವಿಧಿಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರಗಳ ರೂಪದಲ್ಲಿ ದಾಖಲಿಸುತ್ತಿದ್ದರು. ತಪ್ಪಾದ ರಂಧ್ರಗಳ ಮೇಲೆ ಕಾಗದದ ಚೂರನ್ನು ಅಂಟಿಸಿ ಮುಚ್ಚುತ್ತಿದ್ದರು.

ಮನುಷ್ಯರು ಓದಿ ತಿದ್ದಬಲ್ಲ ಕ್ರಮವಿಧಿಯ ಮೂಲಪಾಠವೇ ಆಕರ ಸಂಕೇತ. ಅದರಲ್ಲಿ ಸಾವಿರಾರು ಸಾಲುಗಳಿರಬಹುದು. ಅದನ್ನು ತಿದ್ದುವವರು ದೂರದೂರದ ಊರುಗಳಲ್ಲಿ ಇರಬಹುದು. ಒಂದು ಸಾಲನ್ನು ತಿದ್ದಿದವನು ಇಡೀ ಪಾಠವನ್ನೇ ಕಳುಹಿಸಿದನೆನ್ನಿ. ಅದನ್ನು ಹಳೆಯದರ ಸ್ಥಾನದಲ್ಲಿಟ್ಟರೆ, ಅಷ್ಟರಲ್ಲಿ ಇನ್ನೊಬ್ಬನು ಮಾಡಿದ ತಿದ್ದುಪಡಿ ಅಳಿಸಿಹೋಗುತ್ತದೆ. ಆದ್ದರಿಂದ ವ್ಯತ್ಯಾಸವನ್ನು ಮಾತ್ರ ಕಳುಹಿಸುವುದು ಲೇಸು.

ಎರಡು ಪಾಠಗಳನ್ನು ಹೋಲಿಸಿ ವ್ಯತ್ಯಾಸವನ್ನು ತೋರಿಸುವ 'ಡಿಫ್' ಎಂಬ ಕ್ರಮವಿಧಿಯು 1970ರ ದಶಕದ ಆದಿಭಾಗದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಡಗ್ಲಾಸ್ ಮೆಕಿಲ್ರಾಯ್ ಅವರು ಅದರ ನಿರ್ಮಾತೃಗಳಲ್ಲಿ ಪ್ರಮುಖರು. ಆ ವ್ಯತ್ಯಾಸವನ್ನು ಓದಿ ಹಳೆಯ ಪಾಠವನ್ನು ತಾನೇ ತಿದ್ದುವ 'ಪ್ಯಾಚ್' ಕ್ರಮವಿಧಿಯನ್ನು 1985ರಲ್ಲಿ ಲ್ಯಾರಿ ವಾಲ್ ಅವರು ರಚಿಸಿದರು. ಇಂದು ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ, ತೆಗೆದ ಸಾಲಿನ ಮುಂದೆ ಕಳೆಯುವ ಚಿಹ್ನೆಯೂ ಸೇರಿಸಿದ ಸಾಲಿನ ಮುಂದೆ ಕೂಡುವ ಚಿಹ್ನೆಯೂ ಇರುತ್ತವೆ. ಹಿಂದೆ ಮುಂದೆ ಸಾಮಾನ್ಯವಾಗಿ ಮೂರು ಮೂರು ಸಾಲುಗಳು ಬದಲಾಗದೆ ನಿಂತಿರುತ್ತವೆ. ತೇಪೆ ಕೂರಬೇಕಾದ ಸ್ಥಳಕ್ಕೆ ಇವೇ ಗುರುತು. ಮೂಲಪಾಠದಲ್ಲಿ ಸಾಲುಗಳು ತುಸು ಮೇಲೆ ಕೆಳಗೆ ಸರಿದಿದ್ದರೂ ಈ ಗುರುತಿನಿಂದ ಸ್ಥಳವು ದೊರೆಯುತ್ತದೆ.

ಆದರೆ ತೇಪೆಯು ಒಂದು ಕಾರ್ಯಾಚರಣೆ ವ್ಯವಸ್ಥೆಯಿಂದ ಮತ್ತೊಂದಕ್ಕೆ ಹೋದಾಗ ತೊಡಕು ಉಂಟಾಗಬಹುದು. ಹಳೆಯ ದೂರಮುದ್ರಕದಲ್ಲಿ ಸಾಲು ಮುಗಿದಾಗ ಎರಡು ಕೆಲಸಗಳು ನಡೆಯಬೇಕಿತ್ತು: ಅಚ್ಚಿನ ಭಾಗವು ಎಡಕ್ಕೆ ಮರಳುವುದು ಹಾಗೂ ಕಾಗದವು ಮೇಲಕ್ಕೆ ಸರಿಯುವುದು. ಇವುಗಳ ಸಂಕೇತಗಳು ಕ್ರಮವಾಗಿ 13 ಮತ್ತು 10. ವಿಂಡೋಸ್ ವ್ಯವಸ್ಥೆಯು ಎರಡನ್ನೂ ಉಳಿಸಿಕೊಂಡಿತು. ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ 10 ಒಂದೇ ಸಾಕು. ಈ ಸಂಕೇತಗಳು ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಒಂದೇ ಸಾಲನ್ನು ತಿದ್ದಿದ್ದರೂ ಎಲ್ಲ ಸಾಲುಗಳೂ ಬದಲಾದಂತೆ ತೋರಬಹುದು, ಇಲ್ಲವೆ ತೇಪೆಯೇ ತಿರಸ್ಕೃತವಾಗಬಹುದು. ಕಡತಗಳ ಹೆಸರಿನಲ್ಲಿಯೂ ಭೇದವುಂಟು. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳನ್ನು ಲಿನಕ್ಸ್ ಬೇರೆ ಬೇರೆ ಎಂದೆಣಿಸುತ್ತದೆ. ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದೆಣಿಸುತ್ತದೆ.

ಇದಕ್ಕೆ ಪರಿಹಾರ ಸರಳ. ಹಂಚಿಕೊಳ್ಳುವ ಪಾಠಕ್ಕೆ ಸಾಲಿನ ಕೊನೆಯ ಒಂದೇ ಕ್ರಮವನ್ನು ಎಲ್ಲರೂ ಒಪ್ಪಿಕೊಳ್ಳಬೇಕು. ಲೈನಸ್ ಟೊರ್ವಾಲ್ಡ್ಸ್ ಅವರು 2005ರಲ್ಲಿ ರಚಿಸಿದ 'ಗಿಟ್' ಎಂಬ ಸಾಧನದಲ್ಲಿ ಇದಕ್ಕೆ ಅನುಕೂಲವಿದೆ. ತೇಪೆ ಕುಳಿತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ರತಿಯೊಂದು ವ್ಯವಸ್ಥೆಯಲ್ಲಿಯೂ ಕ್ರಮವಿಧಿಯನ್ನು ನಡೆಸಿ ಪರೀಕ್ಷಿಸಬೇಕು.

ತೇಪೆಯು ಚಿಕ್ಕದಾಗಿದ್ದಷ್ಟೂ ಅದನ್ನು ಓದಿ ಗುಣದೋಷಗಳನ್ನು ಅರಿಯುವುದು ಸುಲಭ. ಲಿನಕ್ಸ್‌ನ ತಿರುಳಿಗೆ ಅನೇಕ ದೇಶಗಳ ಜನರು ಇಂದಿಗೂ ಹೀಗೆಯೇ ತೇಪೆಗಳನ್ನು ಕಳುಹಿಸುತ್ತಿದ್ದಾರೆ. ಮುಖಪರಿಚಯವೂ ಇಲ್ಲದವರು ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಕೆಡಿಸದೆ ಕೂಡಿ ಕಟ್ಟುವುದು ಇದರಿಂದ ಸಾಧ್ಯವಾಗಿದೆ.