ಲೋಹದ ಹೋಳಿಗೆ

ಚಕ್ಕೋತದ ಹಣ್ಣಿಗೆ ಹೆಸರಾದ ದೇವನಹಳ್ಳಿಯ ಬಯಲಿನಲ್ಲಿ 2008ರ ಮೇ ತಿಂಗಳಿನಿಂದ ಹಗಲಿರುಳೂ ವಿಮಾನಗಳು ಏರಿಳಿಯುತ್ತಿವೆ. ತಲೆಯೆತ್ತಿ ನೋಡುವವರು ಬಹುಮಂದಿ. ಅವುಗಳ ಮೈಹೊದಿಕೆಯಾದ ತಗಡು ಎಂತಹುದೆಂದು ವಿಚಾರಿಸುವವರು ವಿರಳ. ಕೆಲವು ಹೊಸ ವಿಮಾನಗಳು ಇಂಗಾಲದ ಎಳೆಗಳಿಂದ ಸಿದ್ಧವಾಗುತ್ತಿವೆ, ನಿಜ. ಆದರೆ ಬೋಯಿಂಗ್ 737ರಂತಹ ವಿಮಾನದ ಒಡಲಿಗೆ ಇಂದಿಗೂ ಅಲ್ಯೂಮಿನಿಯಂ ತಗಡೇ ಚರ್ಮ.

ಶುದ್ಧ ಅಲ್ಯೂಮಿನಿಯಂ ಹಗುರ, ಆದರೆ ಮೆದು. ಅದಕ್ಕೆ ಕಸುವು ತುಂಬುವ ಬಗೆಯನ್ನು 1906ರಲ್ಲಿ ಕಂಡವನು ಜರ್ಮನಿಯ ಆಲ್‌ಫ್ರೆಡ್ ವಿಲ್ಮ್. ನೂರಕ್ಕೆ ನಾಲ್ಕು ಪಾಲಿನಷ್ಟು ತಾಮ್ರವನ್ನೂ ತುಸು ಮೆಗ್ನೀಸಿಯಮ್ಮನ್ನೂ ಬೆರೆಸಿ, ಸುಮಾರು 495 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದರೆ ತಾಮ್ರವು ಅಲ್ಯೂಮಿನಿಯಮ್ಮಿನಲ್ಲಿ ಕರಗಿಹೋಗುತ್ತದೆ. ಒಡನೆಯೇ ನೀರಿನಲ್ಲಿ ಅದ್ದಿದರೆ ಅದಕ್ಕೆ ಬೇರ್ಪಡಲು ಅವಕಾಶವಿಲ್ಲ. ಬಳಿಕ ತಗಡು ಸುಮ್ಮನೆ ಬಿದ್ದಿರುವಾಗಲೇ ತಾಮ್ರದ ಅಣುಗಳು ಅಲ್ಲಲ್ಲಿ ಗುಂಪುಗೂಡಿ ಒಳಗಿಂದೊಳಗೆ ಲೋಹವನ್ನು ಬಿಗಿಯುತ್ತವೆ. ನಾಲ್ಕು ದಿನಗಳಲ್ಲಿ ಅದು ಬಹುಮಟ್ಟಿಗೆ ಗಟ್ಟಿಯಾಗುತ್ತದೆ. ತಗಡನ್ನು ಬಾಗಿಸಬೇಕಾದ ಕೆಲಸಗಾರನು ಮೊದಲ ಸ್ವಲ್ಪ ಹೊತ್ತಿನೊಳಗೇ ಬಾಗಿಸಿ ಮುಗಿಸಬೇಕು.

ಕಸುವು ಕೊಟ್ಟ ತಾಮ್ರವೇ ಕೇಡನ್ನೂ ತಂದಿತು. ತೇವಕ್ಕೆ, ಅದರಲ್ಲಿಯೂ ಉಪ್ಪುಗಾಳಿಗೆ ಈ ಮಿಶ್ರಲೋಹವು ಬಲುಬೇಗ ಸವೆಯುತ್ತದೆ. ಹೊರಗೆ ಕಾಣದಂತೆ ಕಣಗಳ ಸಂದಿನಲ್ಲಿಯೇ ತಿಂದುಹೋಗುವುದುಂಟು. ಆಕಾಶದಲ್ಲಿ ಹಾರುವ ವಸ್ತುವಿಗೆ ಇದಕ್ಕಿಂತ ಅಪಾಯ ಬೇರೆಯಿಲ್ಲ. ಅಮೆರಿಕದ ಆಲ್ಕೋವ ಸಂಸ್ಥೆಯ ಇ. ಎಚ್. ಡಿಕ್ಸ್ 1927ರಲ್ಲಿ ಪ್ರಕಟಿಸಿದ ‘ಆಲ್‌ಕ್ಲಾಡ್’ ಇದಕ್ಕೆ ಪರಿಹಾರ.

ನಮ್ಮ ಗೃಹಿಣಿಯರಿಗೆ ಇದರ ಮರ್ಮವನ್ನು ಹೇಳಿಕೊಡಬೇಕಾಗಿಲ್ಲ. ಹೂರಣಕ್ಕೆ ಕಣಕವನ್ನು ಹೊದಿಸಿ ಹೋಳಿಗೆ ಲಟ್ಟಿಸುವಂತೆ, ಮಿಶ್ರಲೋಹದ ದಪ್ಪ ಗಟ್ಟಿಯ ಎರಡು ಮೈಗಳಿಗೂ ಶುದ್ಧ ಅಲ್ಯೂಮಿನಿಯಂ ಹಲಗೆಯನ್ನಿಟ್ಟು, ಕಾಯಿಸಿ, ಉರುಳೆಗಳ ನಡುವೆ ಹಾಯಿಸುತ್ತಾರೆ. ಒತ್ತಡಕ್ಕೆ ಮೇಲಿನ ಆಕ್ಸೈಡಿನ ಪೊರೆ ಒಡೆದು, ಲೋಹಕ್ಕೆ ಲೋಹ ಬೆಸೆಯುತ್ತದೆ. ಪದರಗಳೆಲ್ಲ ಒಂದೇ ಪ್ರಮಾಣದಲ್ಲಿ ತೆಳುವಾಗುತ್ತವೆ: ಒಂದು ಮಿಲಿಮೀಟರಿನ ತಗಡಿನಲ್ಲಿ ಒಂದೊಂದು ಹೊದಿಕೆಯ ದಪ್ಪ ಸುಮಾರು 0.05 ಮಿಲಿಮೀಟರ್. ಹೋಳಿಗೆ ಹರಿದರೆ ಹೂರಣ ಹೊರಬೀಳುತ್ತದೆ. ಇಲ್ಲಿ ಹೊದಿಕೆಗೆ ಗೀರು ಬಿದ್ದರೂ ಅದು ತಾನು ಮೊದಲು ಸವೆದು ಒಳಗಿನದನ್ನು ಕಾಯುತ್ತದೆ.

ಇನ್ನು ಬೆಂಕಿಯ ಮಾತು. ಬೇಲಿಯೆದ್ದು ಹೊಲ ಮೇಯ್ದ ಗಾದೆಯನ್ನು ಬಲ್ಲೆವು. ಇಲ್ಲಿ ಹೊಲವೇ ಎದ್ದು ಬೇಲಿಯನ್ನು ಕೆಡಿಸುತ್ತದೆ. ಹೆಚ್ಚು ಹೊತ್ತು, ಅಥವಾ ಮತ್ತೆ ಮತ್ತೆ ಕಾಯಿಸಿದರೆ, ಒಳಗಿನ ತಾಮ್ರ ಹೊದಿಕೆಯೊಳಕ್ಕೆ ಹರಿದು ಅದರ ಕಾಯುವ ಗುಣವನ್ನೇ ಕಳೆಯುತ್ತದೆ. ಕಡಮೆ ಕಾಯಿಸಿದರೆ ಕಸುವು ಬಾರದು. ಆದುದರಿಂದಲೇ ಇಂತಹ ತಗಡನ್ನು ಕಾಯಿಸುವ ಅವಧಿಗೂ, ಮರಳಿ ಕಾಯಿಸುವ ಸಲಕ್ಕೂ ಮಿತಿಯುಂಟು.

ಬೆಂಗಳೂರು ಸೀಮೆಗೆ ವಿಮಾನದ ಲೋಹಗೆಲಸ ಹೊಸತಲ್ಲ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ತೊಡಗಿಸಿದ ವಿಮಾನ ಕಾರ್ಖಾನೆಯಿಂದ, ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ಲೋಹದ ವಿಮಾನವು 1951ರಲ್ಲಿ ಹಾರಿತು. ಅಂತಹ ಕಾರ್ಖಾನೆಗಳಲ್ಲಿ ಕುಲುಮೆಯ ಮುಂದೆ ಗಡಿಯಾರ ನೋಡುತ್ತ ನಿಲ್ಲುವವನ ಹೆಸರು ಪ್ರಯಾಣಿಕನಿಗೆ ತಿಳಿಯದು. ಆದರೂ ಅವನು ಗಳಿಗೆಗಳನ್ನು ಸರಿಯಾಗಿ ಎಣಿಸಿದನೆಂಬ ನಂಬಿಕೆಯ ಮೇಲೆಯೇ ನಾವು ವಿಮಾನದ ಮೆಟ್ಟಲೇರುತ್ತೇವೆ.