ಗೆರೆಯ ಋಣ

ಹೊಟ್ಟೆಪಾಡಿಗಾಗಿ ಮಾಡುವ ಕೆಲಸ ಒಂದು, ಮನಸ್ಸಿನ ತೃಪ್ತಿಗಾಗಿ ಮಾಡುವ ಕೆಲಸ ಇನ್ನೊಂದು. ಎರಡೂ ಒಂದೇ ಆಗಿರುವ ಪುಣ್ಯವಂತರು ಲೋಕದಲ್ಲಿ ಕೆಲವರೇ. ಉಳಿದ ನಮ್ಮಂಥವರು ದಿನದ ಬಹುಭಾಗವನ್ನು ಮೊದಲನೆಯದಕ್ಕೆ ಒಪ್ಪಿಸಿ, ಅಳಿದುಳಿದ ಹೊತ್ತಿನಲ್ಲಿ ಎರಡನೆಯದನ್ನು ಸಾಕಿಕೊಳ್ಳಬೇಕು. ಕೆಲವರು ಸಂಗೀತವನ್ನು ಸಾಕುತ್ತಾರೆ, ಕೆಲವರು ಹೂವಿನ ಗಿಡಗಳನ್ನು ಸಾಕುತ್ತಾರೆ. ನಾನು ಗೆರೆಗಳನ್ನು ಸಾಕಿಕೊಂಡಿದ್ದೇನೆ.

ನಾನಿರುವುದು ತಾಂಡ್ಯದಲ್ಲಿ. ನಂಜನಗೂಡಿನ ಕಡೆಯ ಈ ಹೆಸರು ಹೊರಗಿನವರಿಗೆ ಇಂದು ಕೈಗಾರಿಕಾ ಪ್ರದೇಶವೆಂದೇ ಪರಿಚಿತ. ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ವೃತ್ತಿ. ಅಂಕಿಗಳ ನಡುವೆ ಬಿಡುವು ದೊರೆತಾಗ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಪುಸ್ತಕವನ್ನು ತೆಗೆದು ನಾಲ್ಕು ಗೆರೆ ಎಳೆಯುವುದು ಹವ್ಯಾಸ. “ಇಲ್ಲಿ ಚಿತ್ರ ಬರೆಯುವುದಕ್ಕೆ ಏನಿದೆ ಸ್ವಾಮಿ? ತಗಡಿನ ಮಾಡು, ಕಾಂಪೌಂಡು ಗೋಡೆ, ಲಾರಿ!” ಎಂದು ಮಿತ್ರರೊಬ್ಬರು ನಗುತ್ತಾರೆ. ಅವರ ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಪಾಳಿ ಮುಗಿಸಿ ಊಟದ ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ಬಸ್ಸಿಗೆ ಕಾಯುವ ಹೆಂಗಸರ ನಿಲುವನ್ನು ಅವರು ನೋಡಿಲ್ಲ. ಇಡೀ ದಿನ ನಿಂತು ದುಡಿದವರು ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಸಡಿಲ ಬಿಟ್ಟು ನಿಲ್ಲುವ ಆ ಬಗೆಯಲ್ಲಿ ಶಿಲ್ಪಿಗಳು ಶಿಲಾಬಾಲಿಕೆಯರಿಗೆ ಕೊಟ್ಟ ಭಂಗಿಯೇ ಇದೆ. ರಜೆಯ ದಿನ ನಂಜನಗೂಡಿಗೆ ಹೋದರೆ ಕಪಿಲೆಯ ದಡದಲ್ಲಿ ಮುಡಿ ಕೊಟ್ಟು ಮುಳುಗೇಳುವ ಭಕ್ತರು, 1735ರ ಕಾಲದ್ದೆನ್ನುವ ದಳವಾಯಿ ಸೇತುವೆಯ ಕಮಾನುಗಳು. ತಿರುಮಕೂಡಲಿಗೆ ಹೋದರೆ ಕಾವೇರಿ ಕಪಿಲೆಯರು ಕೂಡುವ ನೀರಿನ ಬಯಲು. ಬರೆಯುವವನಿಗೆ ವಸ್ತುವಿನ ಬಡತನವಿಲ್ಲ.

ಪ್ರತಿಯೊಬ್ಬರ ಕೈಯಲ್ಲಿಯೂ ಫೋನು, ಅದರಲ್ಲಿ ಕ್ಯಾಮೆರಾ ಇರುವ ಈ ಕಾಲದಲ್ಲಿ ಕೈಯಿಂದ ಬರೆಯುವ ಶ್ರಮವೇಕೆ ಎಂದು ವಾಚಕರು ಕೇಳಬಹುದು. ಕ್ಯಾಮೆರಾ ಎದುರಿಗಿದ್ದುದೆಲ್ಲವನ್ನೂ ಒಂದೇ ಕ್ಷಣದಲ್ಲಿ ನುಂಗುತ್ತದೆ. ಕೈಗೆ ಆ ಶಕ್ತಿಯಿಲ್ಲ. ಬೇಕಾದುದನ್ನು ಆರಿಸಿಕೊಂಡು ಉಳಿದುದನ್ನು ಬಿಡಬೇಕಾದುದು ಅದರ ಧರ್ಮ. ಆರಿಸಬೇಕಾದರೆ ನೋಡಬೇಕು, ನೋಡಬೇಕಾದರೆ ನಿಲ್ಲಬೇಕು. ಚಹಾದ ಅಂಗಡಿಯವನು ಲೋಟದಿಂದ ಲೋಟಕ್ಕೆ ಚಹಾ ಎತ್ತಿ ಹೊಯ್ಯುವಾಗ ಅವನ ಮೊಣಕೈ ಎಲ್ಲಿ ನಿಲ್ಲುತ್ತದೆಂಬುದು ಹತ್ತು ವರ್ಷ ಅಲ್ಲಿ ಚಹಾ ಕುಡಿದ ನನಗೆ ತಿಳಿದಿರಲಿಲ್ಲ. ಬರೆಯಲು ಕುಳಿತ ದಿನ ತಿಳಿಯಿತು.

ಇರಲಿ, ಈಗ ಹೇಳಹೊರಟ ವಿಷಯ ಬೇರೆ. ನಮ್ಮ ಬೀದಿಯಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ತಾಯಿ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾಳೆ. ಹುಡುಗಿಗೆ ಚಿತ್ರದ ಹುಚ್ಚು. ಸಿಕ್ಕಿದ ಕ್ಯಾಲೆಂಡರು, ಸಿಕ್ಕಿದ ಪತ್ರಿಕೆ ಎಲ್ಲವನ್ನೂ ನೋಡಿ ಬರೆಯುತ್ತಿದ್ದಳು. ಒಮ್ಮೆ ಶಾಲೆಯ ಪ್ರದರ್ಶನದಲ್ಲಿ ಅವಳ ಚಿತ್ರದ ಮೂಲವನ್ನು ಯಾರೋ ಗುರುತಿಸಿ, “ಇದು ಕದ್ದ ಚಿತ್ರ” ಎಂದು ಎಲ್ಲರೆದುರಿಗೆ ನಕ್ಕರಂತೆ. ಅಂದಿನಿಂದ ಪುಸ್ತಕ ಮುಚ್ಚಿದವಳು ಮೂರು ತಿಂಗಳಾದರೂ ತೆರೆಯಲಿಲ್ಲ. “ಅಣ್ಣ, ನೀವೇ ಒಂದು ಮಾತು ಹೇಳಿ. ಚಿತ್ರ ಬರೆಯದಿದ್ದರೆ ಬೇಡ, ಮಾತೂ ಕಮ್ಮಿ ಮಾಡಿಬಿಟ್ಟವಳೆ” ಎಂದು ತಾಯಿ ನನ್ನಲ್ಲಿ ಹೇಳಿಕೊಂಡಳು. ಹುಡುಗಿ ಬಂದು ಕುಳಿತು ನೇರವಾಗಿಯೇ ಕೇಳಿದಳು: “ಮಾವ, ಬೇರೆಯವರದ್ದು ನೋಡಿ ಬರೆದರೆ ಕಳ್ಳತನವೆ?”

ಪ್ರಶ್ನೆ ಚಿಕ್ಕದಾದರೂ ಉತ್ತರ ಚಿಕ್ಕದಲ್ಲ. ಹವ್ಯಾಸಕ್ಕೆಂದು ಬರೆಯುವ ಪ್ರತಿಯೊಬ್ಬರನ್ನೂ ಇದು ಒಂದಲ್ಲ ಒಂದು ದಿನ ಕಾಡುತ್ತದೆ. ಗುರುವಿಲ್ಲದ ನಮಗೆ ಅನ್ಯರ ಚಿತ್ರಗಳೇ ಗುರು. ಆ ಗುರುವಿನಿಂದ ಪಡೆದದ್ದು ಕಳವಿನ ಮಾಲೆಂದರೆ ನಮ್ಮ ಗತಿಯೇನು?

ನಾನು ಅವಳಿಗೆ ಮೊದಲು ಮೈಸೂರಿನ ಹುಡುಗನೊಬ್ಬನ ಕಥೆಯನ್ನು ಹೇಳಿದೆ. 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಓದು ಬರುವ ಮುನ್ನವೇ ಮನೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳನ್ನು ತದೇಕಚಿತ್ತದಿಂದ ನೋಡುತ್ತಿದ್ದರು. ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಆರಾಧ್ಯದೈವ. ಆ ಸಹಿಯನ್ನು ಬಾಲಕನು ‘ಕೌ’, ಎಂದರೆ ಹಸು, ಎಂದೇ ಬಹುಕಾಲ ಓದಿಕೊಂಡಿದ್ದನಂತೆ! ಬೊಂಬಾಯಿಯ ಜೆ. ಜೆ. ಕಲಾಶಾಲೆಯು ಸಾಕಷ್ಟು ಪ್ರತಿಭೆಯಿಲ್ಲವೆಂದು ಸೇರಿಸಿಕೊಳ್ಳಲಿಲ್ಲ. ಅವರು ಮೈಸೂರಿನಲ್ಲಿಯೇ ಬಿ.ಎ. ಓದಿ, ಬೀದಿಯನ್ನೂ ಮರವನ್ನೂ ಕಾಗೆಯನ್ನೂ ಬರೆಯುತ್ತ ಕೈ ಪಳಗಿಸಿಕೊಂಡರು. ಲೋ ಅವರಿಂದ ಗೆರೆಯ ಬಿಗಿಯನ್ನು ಕಲಿತರು, ನಿಜ. ಆದರೆ ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು ಲೋ ಕೊಡಲು ಸಾಧ್ಯವಿತ್ತೆ? ಆತ ಇಲ್ಲಿಯ ಬೀದಿಯಿಂದಲೇ ಬರಬೇಕಿತ್ತು.

ಇನ್ನೂ ಹಿಂದಿನವರೊಬ್ಬರು ಕೆ. ವೆಂಕಟಪ್ಪನವರು (1886–1965). ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿದರು. ಗುರುವಿನ ಛಾಯೆ ಅವರ ಆರಂಭದ ಕೃತಿಗಳಲ್ಲಿ ಸ್ಪಷ್ಟ. ಊಟಿ, ಕೊಡೈಕನಾಲುಗಳ ಮಂಜನ್ನೂ ಬೆಟ್ಟವನ್ನೂ ಎದುರಿಗೆ ಕುಳಿತು ಬರೆದಾಗಲಾದರೋ ಅಲ್ಲಿ ವೆಂಕಟಪ್ಪನವರೇ ಕಾಣುತ್ತಾರೆ. ಉಡುಪಿಯ ಕಡೆಯ ಕೆ. ಕೆ. ಹೆಬ್ಬಾರರೂ (1911–1996) ಫ್ರಾನ್ಸಿನ ಗೊಗಾಂ ಮತ್ತು ನಮ್ಮವರೇ ಆದ ಅಮೃತಾ ಶೇರ್‌ಗಿಲ್ ಇವರ ಪ್ರಭಾವದಿಂದ ಮೊದಲು ಬೆಳೆದವರು. ಅಷ್ಟಕ್ಕೇ ನಿಲ್ಲದೆ, ಲಯವು ಮೈಗೂಡಬೇಕೆಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. 1964ರಲ್ಲಿ ಹೊರಬಂದ ಅವರ ರೇಖಾಚಿತ್ರಗಳ ಗ್ರಂಥಕ್ಕೆ ‘ಹಾಡುವ ರೇಖೆ’ ಎಂಬರ್ಥದ ಇಂಗ್ಲಿಷ್ ಹೆಸರಿದೆ. ಹೆಸರು ಅನ್ವರ್ಥವೇ ಸರಿ.

ಹೊರದೇಶಗಳಲ್ಲಿಯೂ ಇದೇ ಕಥೆ. ಇಡೀ ಯುರೋಪು ಗುರುವೆಂದು ಗೌರವಿಸುವ ರೆಂಬ್ರಾಂಟ್ ಭಾರತವನ್ನು ಕಣ್ಣಿಂದ ಕಂಡವನಲ್ಲ. ಆದರೂ 1650ರ ದಶಕದ ಕೊನೆಯ ವೇಳೆಗೆ, ಐವತ್ತರ ಪ್ರಾಯದಲ್ಲಿ, ಮೊಗಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ಪ್ರತಿ ಮಾಡಿದ. ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ವಾನ್ ಗೋ 27ನೆಯ ವಯಸ್ಸಿನಲ್ಲಿ ಚಿತ್ರಕಾರನಾಗಲು ನಿಶ್ಚಯಿಸಿದವನು. ಅಭ್ಯಾಸದ ಅಚ್ಚಿನ ಹಾಳೆಗಳನ್ನು ನೋಡಿ ಬರೆದೇ ಕೈ ತಿದ್ದಿಕೊಂಡ. ಸಾಯುವುದಕ್ಕೆ ಸ್ವಲ್ಪ ಮುಂಚೆ, 1889–90ರಲ್ಲಿ, ಆಸ್ಪತ್ರೆಯಲ್ಲಿದ್ದಾಗಲೂ ಮಿಲೇ ಎಂಬ ಹಿರಿಯನ ಚಿತ್ರಗಳನ್ನು ತನ್ನ ಬಣ್ಣದಲ್ಲಿ ಮತ್ತೆ ಬರೆದ. ಒಬ್ಬರು ರಚಿಸಿದ ಸಂಗೀತವನ್ನು ಇನ್ನೊಬ್ಬರು ನುಡಿಸುವುದಿಲ್ಲವೆ, ಹಾಗೆಯೇ ಇದೂ ಎಂಬುದು ಅವನ ಸಮಾಧಾನ. ನಮಗೆ ಈ ಮಾತು ಸುಲಭವಾಗಿ ಅರ್ಥವಾಗಬೇಕು. ತ್ಯಾಗರಾಜರ ಕೀರ್ತನೆಯನ್ನು ಹಾಡಿದವರನ್ನು ಯಾರಾದರೂ ಕಳ್ಳರೆಂದಾರೆಯೆ?

“ನಿಮ್ಮಮ್ಮ ಹಬ್ಬದ ದಿನ ಬಾಗಿಲಿಗೆ ಬಿಡುವ ರಂಗೋಲಿ ಯಾರದು ಮಗು?” ಎಂದು ಕೇಳಿದೆ. “ಅಜ್ಜಿಯ ಪುಸ್ತಕದ್ದು. ಆದರೆ ಅಮ್ಮ ಎರಡು ಚುಕ್ಕಿ ಜಾಸ್ತಿ ಇಡ್ತಾಳೆ” ಎಂದಳು. ಮುಖದಲ್ಲಿ ಮೊದಲ ಸಲ ಸ್ವಲ್ಪ ನಗು ಕಂಡಿತು.

ಹಾಗಾದರೆ ಕಳ್ಳತನವೆಂಬುದು ಇಲ್ಲವೇ ಇಲ್ಲವೆ? ಇದೆ. ಮೂಲದವರ ಹೆಸರನ್ನು ಮರೆಮಾಡಿ, ತನ್ನದೆಂದು ಸಾರಿದಾಗ ಅದು ಕಳ್ಳತನ. ಹೆಸರನ್ನು ಬರೆದಾಗ ಅದು ಋಣ. ಋಣವೆಂಬುದು ನಾಚಿಕೆಯ ವಿಷಯವಲ್ಲ. ತೀರಿಸಬೇಕೆಂಬ ನೆನಪಿರಬೇಕು, ಅಷ್ಟೇ. ಆದುದರಿಂದ ನಾನು ಪಾಲಿಸುವ ಮೂರು ನಿಯಮಗಳನ್ನು ಅವಳಿಗೆ ಹೇಳಿದೆ. ಮೊದಲು, ಮೆಚ್ಚಿದ ಚಿತ್ರವನ್ನು ಎದುರಿಗಿಟ್ಟುಕೊಂಡು ಬರೆಯುವುದು, ಕೆಳಗೆ ‘ಇಂಥವರ ಚಿತ್ರವನ್ನು ನೋಡಿ’ ಎಂದು ತಾರೀಖಿನೊಡನೆ ಗುರುತಿಸುವುದು. ಎರಡನೆಯದಾಗಿ, ಪುಸ್ತಕ ಮುಚ್ಚಿ ಅದನ್ನೇ ನೆನಪಿನಿಂದ ಬರೆಯುವುದು. ಯಾವ ಗೆರೆ ನಿಜವಾಗಿ ಕಣ್ಣಿಗಿಳಿದಿದೆ, ಯಾವುದು ಬರಿಯ ಕೈಯ ಯಾಂತ್ರಿಕ ಚಲನೆ ಎಂಬುದು ಆಗ ತಿಳಿಯುತ್ತದೆ. ಮೂರನೆಯದು ಮುಖ್ಯ. ಅಲ್ಲಿ ಕಲಿತುದನ್ನು ಹಿಡಿದುಕೊಂಡು ಬೀದಿಗೆ ಹೋಗಿ, ಆ ಚಿತ್ರಕಾರನು ಎಂದೂ ಕಾಣದ ಯಾವುದಾದರೊಂದನ್ನು ಬರೆಯುವುದು. ಮೂರನೆಯ ಮೆಟ್ಟಿಲು ಹತ್ತದವನು ಮೊದಲನೆಯದರಲ್ಲಿಯೇ ಮುದುಕನಾಗುತ್ತಾನೆ.

ಮುಂದಿನ ಭಾನುವಾರ ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ತಿ. ನರಸೀಪುರದ ಮೇಲೆ ಸೋಮನಾಥಪುರಕ್ಕೆ ಹೋದೆ. ಬೇಲೂರು, ಹಳೇಬೀಡುಗಳೊಡನೆ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕೇಶವ ದೇವಾಲಯವು 13ನೆಯ ಶತಮಾನದ್ದು. ಮೂರು ಗರ್ಭಗುಡಿಗಳು, ನಕ್ಷತ್ರಾಕಾರದ ಜಗತಿ, ಗೋಡೆಯ ತುಂಬ ಮೂರ್ತಿಗಳು. ಕಲ್ಲು ಯಾವುದೆಂದು ಹುಡುಗಿ ಕೇಳಿದಳು. ಬಳಪದ ಕಲ್ಲು. ಸ್ಲೇಟಿನ ಮೇಲೆ ನಾವು ಮೊದಲ ಗೆರೆ ಎಳೆದ ಬಳಪಕ್ಕೂ ಈ ಶಿಲ್ಪಕ್ಕೂ ನಂಟಸ್ತಿಕೆಯಿದೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಉಳಿಗೆ ಒಲಿಯುವ ಈ ಕಲ್ಲು ಗಾಳಿ ತಾಗುತ್ತ ಗಟ್ಟಿಯಾಗುತ್ತದೆ.

ಇಲ್ಲಿಯ ಮೂರ್ತಿಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿದ್ದಾರೆ. ಮಲ್ಲಿತಮ್ಮನೊಬ್ಬನ ಹೆಸರೇ ಸುಮಾರು 40 ಮೂರ್ತಿಗಳಲ್ಲಿದೆ. ಚೌಡಯ್ಯ, ಬಾಲಯ್ಯ, ಮಸಣಿತಮ್ಮ ಮೊದಲಾದವರ ಹೆಸರುಗಳೂ ಇವೆ. ಮೂರ್ತಿಯ ಲಕ್ಷಣ, ಆಯುಧ, ಕಿರೀಟ ಯಾವುದೂ ಇವರ ಸ್ವಂತ ಕಲ್ಪನೆಯಲ್ಲ. ಎಲ್ಲವೂ ಹಿಂದಿನವರಿಂದ ಬಂದ ಪಾಠ. ಒಂದೇ ಪಾಠವನ್ನು ಎಲ್ಲರೂ ಒಪ್ಪಿಸುತ್ತಿದ್ದರೂ, ನಿಧಾನವಾಗಿ ನೋಡಿದರೆ ಒಬ್ಬನ ಬೆರಳಿನ ಬಾಗು ಇನ್ನೊಬ್ಬನದರಂತಿಲ್ಲ. ಹೆಸರು ಬರೆಯುವ ಹಕ್ಕು ಅವರಿಗೆ ಬಂದುದು ಆ ಬಾಗಿನಿಂದ.

ಹುಡುಗಿ ಮಲ್ಲಿತಮ್ಮನ ಒಂದು ಮೂರ್ತಿಯ ಮುಂದೆ ಬಹಳ ಹೊತ್ತು ಕುಳಿತು ಬರೆದಳು. ಚಿತ್ರ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ನಾನೂ ಹೊಗಳಲಿಲ್ಲ. ಆದರೆ ಹತ್ತು ದಿನಗಳಾದ ಮೇಲೆ ಇನ್ನೊಂದು ಹಾಳೆ ತಂದು ತೋರಿಸಿದಳು. ಕಾರ್ಖಾನೆಯಿಂದ ಬಂದ ತಾಯಿ ಹಿತ್ತಲ ಕಲ್ಲಿನ ಮೇಲೆ ಕುಳಿತು ಕಾಲು ತೊಳೆಯುತ್ತಿರುವ ಚಿತ್ರ. ಬಾಗಿದ ಬೆನ್ನಿಗೆ ಒಂದೇ ಗೆರೆ, ಅದೂ ಅಳಿಸಿ ತಿದ್ದದ ಗೆರೆ. ಕೆಳಗೆ ಹೀಗೆ ಬರೆದಿದ್ದಳು: ‘ಮಲ್ಲಿತಮ್ಮನನ್ನು ನೋಡಿ ಕಲಿತದ್ದು. ಕೂತಿರುವವಳು ನಮ್ಮಮ್ಮ.’

ಆ ಹಾಳೆಯನ್ನು ಶಾಲೆಯಲ್ಲಿ ತೋರಿಸುವೆಯಾ ಎಂದು ನಾನು ಕೇಳಲಿಲ್ಲ. ಅದು ಅವಳು ನಿರ್ಧರಿಸಬೇಕಾದ ವಿಷಯ. ತಾಯಿ ಮಾತ್ರ ಆ ಚಿತ್ರವನ್ನು ಕೈಯಲ್ಲಿ ಹಿಡಿದು, “ನನ್ನ ಬೆನ್ನು ಇಷ್ಟು ಬಗ್ಗೋಗದಾ?” ಎಂದು ಮಗಳನ್ನು ಕೇಳಿದಳು. ದಿನವೂ ನೋಡುತ್ತಿದ್ದ ಬೆನ್ನನ್ನು ಮಗಳು ಆ ಸಂಜೆ ಕಂಡಿದ್ದಳು.